ವಾಷಿಂಗ್ಟನ್‌ನಲ್ಲಿ ಸಿಗೋಣ, ಲಿಯಾಂಡರ್

ಅಮೆರಿಕದ ಕಾನ್ಸಾಸಿನ ಪುಟ್ಟ ಊರು ನ್ಯೂ ಗಾಲ್ಕಾದಲ್ಲಿ ಲಿಯಾಂಡರ್ ವೆರ್ತನಿಗೆ ಯಾರೂ 'ನಾಳೆ ಸಿಗೋಣ' ಅನ್ನುತ್ತಿರಲಿಲ್ಲ. ಸಿಗುವುದು ಖಂಡಿತವಿದ್ದರೆ ಮಾತ್ರ ಅನ್ನಬೇಕು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೂ ಚರ್ಚಿನ ಪಾದ್ರಿಯಿಂದ ಹಿಡಿದು ಗೋಧಿ ಲಾರಿ ಓಡಿಸುವವರವರೆಗೆ ಊರಿನ ಮುನ್ನೂರು ಜನವೂ ಪಾಲಿಸುತ್ತಿದ್ದ ಕಟ್ಟಳೆ. ಪೋಸ್ಟ್ ಆಫೀಸಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಒಮ್ಮೆ ಬಾಯಿಮಾತಿಗೆ, "ಒಂದಿನ ನಮ್ಮನೆಗೆ ಕಾಫಿಗೆ ಬಾ, ಲಿಯಾಂಡರ್" ಎಂದುಬಿಟ್ಟಳು. ಮರುದಿನ ಬೆಳಿಗ್ಗೆ ಆರಕ್ಕೆ ಲಿಯಾಂಡರ್ ಟೈ ಕಟ್ಟಿಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ. "ಆ ದಿನ ಇವತ್ತಾ?" ಎಂದು ಕೇಳಿದ. ಅದರ ಮರುದಿನವೂ ಕೇಳಿದ. ಏಳನೆಯ ದಿನ ಅವಳು ಅಳುಮೋರೆ ಹಾಕಿಕೊಂಡು ಅವನ ಅಕ್ಕ ಆರ್ಮೆಲಾಳ ಹತ್ತಿರ ಬಂದಳು.

"ಒಂದಿನ ಅನ್ನೋ ದಿನ ಯಾವ ಕ್ಯಾಲೆಂಡರಲ್ಲಿದೆ ತೋರಿಸು, ಅವತ್ತು ಕಳಿಸ್ತೀನಿ" ಎಂದಳು ಆರ್ಮೆಲಾ. ಅವಳ ಮಾತೇ ಹಾಗೆ. ಪಾಪದ ಹೆಂಗಸು ಅಂದೇ ಸಂಜೆ ಅವನನ್ನು ಕರೆದು ಕಾಫಿ ಕೊಟ್ಟು ಮಾತು ತೀರಿಸಿದಳು.

ಆರ್ಮೆಲಾ ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಅವನ ಬಾಯಲ್ಲಿ 'ಮೆಲ್ಲಾ'. ಅವನು ಹುಟ್ಟಿದಾಗ ಮುಖ ನೋಡಿದ ಕೂಡಲೇ ಡಾಕ್ಟರು, ಇದು ಡೌನ್ ಸಿಂಡ್ರೋಮ್, ಸರ್ಕಾರದ ಆಸ್ಪತ್ರೆಗೆ ಕೊಟ್ಟು ಮರೆತುಬಿಡಿ ಎಂದಿದ್ದರು. ಆಗ ಕಾನ್ಸಾಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ತಾಯಿ ಕಡ್ಡಿ ಮುರಿದ ಹಾಗೆ ಆಗುವುದಿಲ್ಲ ಎಂದಳು. ಮುಂದೆ ಸಾಯುವ ಹೊತ್ತಿನಲ್ಲಿ ಮಗಳ ಮಣಿಕಟ್ಟು ಹಿಡಿದು, "ಇವನನ್ನ ಯಾರ ಕೈಗೂ ಕೊಡಬೇಡ" ಎಂದಳು. ಆರ್ಮೆಲಾಗೆ ಆಗ ಇಪ್ಪತ್ತೊಂಬತ್ತು, ಬೆರಳಲ್ಲಿ ನಿಶ್ಚಿತಾರ್ಥದ ಉಂಗುರ. ಮದುವೆಯಾಗಬೇಕಿದ್ದವನು ಟ್ರ್ಯಾಕ್ಟರ್ ರಿಪೇರಿಯವನು, ಕೆಟ್ಟವನೇನಲ್ಲ. "ನಿನ್ನ ತಮ್ಮನಿಗೆ ಒಂದೊಳ್ಳೆ ಜಾಗ ಹುಡುಕೋಣ" ಎಂದ. ಆರ್ಮೆಲಾ ಉಂಗುರ ಬಿಚ್ಚಿ ಅವನ ಅಂಗಿಯ ಜೇಬಿಗೆ ಹಾಕಿ, "ಅವನು ಒಳ್ಳೆ ಜಾಗದಲ್ಲೇ ಇದ್ದಾನೆ. ನೀನು ಬೇರೆ ಜಾಗ ನೋಡ್ಕೋ" ಎಂದಳು. ಆಮೇಲೆ ಅವಳನ್ನು ಯಾರೂ ಕೇಳಲಿಲ್ಲ. ಅವಳ ನಾಲಿಗೆಗೆ ಹೆದರಿದೆವು ಅನ್ನುವುದು ಊರಿನ ಗಂಡಸರು ತಮಗೆ ಅನುಕೂಲವಾಗಿ ಕಟ್ಟಿಕೊಂಡ ವಾದ.

ಊರಿನ ಹಳೆಯ ಶಾಲೆಯ ಕಟ್ಟಡದಲ್ಲಿ ಅಂಗವಿಕಲರ ಹಗಲು ಕೇಂದ್ರ ಬಂದಾಗ ಆರ್ಮೆಲಾ ಅಲ್ಲಿ ಅಡುಗೆಗೆ ಸೇರಿದಳು. ಲಿಯಾಂಡರನಿಗೆ ಟಪಾಲು ತರುವ ಕೆಲಸ. ಅವನಿಗೊಂದು ಕೆಂಪು ಮೂರು ಗಾಲಿಯ ಸೈಕಲ್ಲು, ಹಿಂದೆ ತಂತಿಯ ಬುಟ್ಟಿ. ಮನೆಯಿಂದ ಪೋಸ್ಟ್ ಆಫೀಸು, ಅಲ್ಲಿಂದ ಕೇಂದ್ರ, ಕೇಂದ್ರದಿಂದ ಮನೆ. ಊರಂಚಿನಲ್ಲಿ ರೈಲು ಹಳಿಯ ಪಕ್ಕ ಎತ್ತರದ ಗೋಧಿ ಕಣಜ ನಿಂತಿದೆ. "ಕಣಜ ದಾಟಬೇಡ" ಎಂದು ಆರ್ಮೆಲಾ ಹೇಳಿದ್ದು ಒಂದೇ ಸಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ ಗಾಲಿ ಅದನ್ನು ದಾಟಲಿಲ್ಲ. ಅವನಿಗೆ ಮಾತೆಂದರೆ ಮಾತು. ನಾವು ನೀವು ಬಿಡಿ, ಪಾದ್ರಿಯೂ ಮಾತಿಗೆ ಅಷ್ಟು ಬೆಲೆ ಕೊಟ್ಟವನಲ್ಲ.

ಪ್ರತಿ ವರ್ಷ ಜೂನ್ ಕೊನೆಗೆ, ಗೋಧಿ ಕೊಯ್ಲಿನ ಬಿಸಿಲಲ್ಲಿ, ಊರಿಗೆ ಸೈಕಲ್ಲಿನ ಹುಡುಗರು ಬರುತ್ತಿದ್ದರು. ಕಾಲೇಜಿನ ಮೂವತ್ತು ಹುಡುಗರು ಪಶ್ಚಿಮದ ಕಡಲಿನಿಂದ ಹೊರಟು ವಾಷಿಂಗ್ಟನ್‌ವರೆಗೆ ಸೈಕಲ್ ತುಳಿದು, ಅಂಗವಿಕಲರ ಹೆಸರಲ್ಲಿ ದೇಣಿಗೆ ಎತ್ತುವ ಸವಾರಿ ಅದು. ದಾರಿಯುದ್ದಕ್ಕೂ ಇಂಥ ಕೇಂದ್ರಗಳಲ್ಲಿ ಒಂದೊಂದು ಮಧ್ಯಾಹ್ನ ಊಟ, ಆಟ, ಕುಣಿತ. ಶಾಲೆಯ ಮರದ ನೆಲದ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಕೈ ಕೈ ಹಿಡಿದು ವೃತ್ತವಾಗಿ ನಿಂತು, ಇವತ್ತಿನ ಸವಾರಿ ಯಾರಿಗಾಗಿ ಎಂದು ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಿ ಹೊರಡುತ್ತಿದ್ದರು. ಅವರ ವ್ಯಾನು ಮುಂದೆ ಹೋಗಿ ತಿರುವು ತಿರುವಿನಲ್ಲೂ ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕುತ್ತಿತ್ತು. ಹಿಂದೆ ಬರುವವರು ಬಾಣ ನೋಡಿಕೊಂಡು ತುಳಿಯಬೇಕು.

ಅವರು ಬರುವ ದಿನ ಆರ್ಮೆಲಾ ನೂರೈವತ್ತು ಬಿರಾಕ್ ಮಾಡುತ್ತಿದ್ದಳು. ಕೊಚ್ಚಿದ ದನದ ಮಾಂಸ, ಎಲೆಕೋಸು, ಈರುಳ್ಳಿ ಒಳಗಿಟ್ಟು ಬೇಯಿಸಿದ ಬನ್ನು, ಅವಳ ಅಜ್ಜಿಯರು ವೋಲ್ಗಾ ತೀರದಿಂದ ಹೊತ್ತು ತಂದ ಅಡುಗೆ. ಬಡಿಸುವ ಮುಂಚೆ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಕೇಳ್ರಪ್ಪಾ. ಆ ಟೈ ಕಟ್ಟಿರೋನು ನನ್ನ ತಮ್ಮ. ಹೋಗುವಾಗ ಅವನಿಗೆ ಬೈ ಅನ್ನಿ, ಸಾಕು. ಮುಂದಿನ ವರ್ಷ ಸಿಗೋಣ, ಫೋನ್ ಮಾಡ್ತೀನಿ, ಇಂಥ ಬುರುಡೆ ಬಿಟ್ರೆ ಬಿರಾಕ್ ಇಲ್ಲ."

"ಸರಿ ಮ್ಯಾಮ್" ಎಂದು ಹುಡುಗರು ನಗುತ್ತಿದ್ದರು. ಒಂದು ವರ್ಷ ಒಬ್ಬ ಮರೆತು "ಕ್ರಿಸ್‌ಮಸ್‌ಗೆ ಬರ್ತೀನಿ" ಎಂದಿದ್ದಕ್ಕೆ, ಸೈಕಲ್ ಏರಿದವನನ್ನು ಕಾಲರ್ ಹಿಡಿದು ಇಳಿಸಿ ಮಾತು ವಾಪಸ್ ತೆಗೆಸಿದ್ದಳು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು.

ಇಪ್ಪತ್ತಮೂರನೆಯ ವರ್ಷ ಗ್ರೇಡಿ ಎಂಬ ಹುಡುಗ ಬಂದ. ಕೆಂಚುಗೂದಲು, ಮೂಗಿನ ಮೇಲೆ ಸಿಪ್ಪೆ ಏಳುತ್ತಿದ್ದ ಚರ್ಮ. ಉಳಿದವರು ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು ಮುಂದೆ ಹೋದರೆ ಇವನು ಲಿಯಾಂಡರನ ಪಕ್ಕ ಕೂತೇ ಇದ್ದ. ಊರಿನ ಪೋಸ್ಟ್ ಬಾಕ್ಸುಗಳ ನಂಬರು, ಯಾವುದು ಯಾರದ್ದು ಎಂಬ ಪಟ್ಟಿಯನ್ನು ಲಿಯಾಂಡರ್ ಶುರು ಮಾಡಿದ. ನೂರಾ ನಾಲ್ಕು ಬಾಕ್ಸು. ಗ್ರೇಡಿ ಪೂರ್ತಿ ಕೇಳಿದ. ಕೇಳಿದ್ದಲ್ಲದೆ, "ಅರವತ್ತೊಂದು ಬಿಟ್ಟುಬಿಟ್ಯಲ್ಲ ಗುರೂ?" ಎಂದ.

"ಅವರು ಸತ್ತುಹೋದ್ರು" ಎಂದ ಲಿಯಾಂಡರ್. "ನೀನು ಎಣಿಸ್ತಿದ್ಯಾ?"

"ಮತ್ತೆ? ಸುಮ್ನೆ ಕೂತಿದ್ದೀನಿ ಅಂದ್ಕೊಂಡ್ಯಾ?"

ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿ ಆರ್ಮೆಲಾಗೆ ಕಣ್ಣು ತುಂಬಿತು. ಊರು ತಮ್ಮನನ್ನು ಪ್ರೀತಿಸುತ್ತಿತ್ತು, ನಿಜ. ಆದರೆ ಅವನ ಪಟ್ಟಿಯನ್ನು ಅಕ್ಕ ಬಿಟ್ಟರೆ ಯಾರೂ ಎಣಿಸಿರಲಿಲ್ಲ. ಅವಳಿಗೂ ಕೆಲವು ದಿನ ತಾಳ್ಮೆ ಸಾಲುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಹುಡುಗರು ವೃತ್ತವಾಗಿ ನಿಂತರು. ಗ್ರೇಡಿಯ ಸರದಿ ಬಂದಾಗ, "ಇವತ್ತಿನ ನನ್ನ ಸವಾರಿ ಲಿಯಾಂಡರ್‌ಗೆ" ಎಂದ. ಚೀಲದಿಂದ ತನ್ನ ತಂಡದ ನೀಲಿ ಜೆರ್ಸಿ ತೆಗೆದು, ಟೈ ಮೇಲೆಯೇ ಲಿಯಾಂಡರನಿಗೆ ತೊಡಿಸಿದ. ಹೊಟ್ಟೆಯ ಹತ್ತಿರ ಬಿಗಿಯಾಯಿತು.

"ಇನ್ಮೇಲೆ ನೀನು ನಮ್ಮ ಟೀಮು. ಬಾಣ ಹಿಡ್ಕೊಂಡು ಬಂದುಬಿಡು. ವಾಷಿಂಗ್ಟನ್‌ನಲ್ಲಿ ಸಿಗೋಣ, ಲಿಯಾಂಡರ್!"

ಮೂವತ್ತು ಜನ ಹೋ ಎಂದರು. ಆರ್ಮೆಲಾ ಕಾಫಿಯ ದೊಡ್ಡ ಹೂಜಿ ಹಿಡಿದು ಐದು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮನ ಮುಖ ಕಂಡಿತು. ನೀನು ನಮ್ಮವನು ಎಂದು ಅವನಿಗೆ ನಲವತ್ತೊಂಬತ್ತು ವರ್ಷದಲ್ಲಿ ಹೇಳಿದವರು ಇಬ್ಬರೇ, ಒಬ್ಬಳು ಸತ್ತಿದ್ದಳು, ಇನ್ನೊಬ್ಬಳು ಹೂಜಿ ಹಿಡಿದು ನಿಂತಿದ್ದಳು. ಒಂದು ಗಂಟೆ ಸಂತೋಷವಾಗಿರಲಿ, ತಟ್ಟೆ ತೊಳೆದು ಬಂದು ನಿಧಾನವಾಗಿ ಹೇಳುತ್ತೇನೆ ಎಂದುಕೊಂಡಳು. ಬಾಯಿ ಮುಚ್ಚಿದಳು. ಅವಳು ಮಾಡಿದ ತಪ್ಪು ಇಷ್ಟೇ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಆಡದಿದ್ದರೂ ಹೋಗುತ್ತದೆ.

ಒಂಬತ್ತು ಗಂಟೆಗೆ ಪೋಸ್ಟ್ ಆಫೀಸಿನಿಂದ ಫೋನ್ ಬಂತು. "ಲಿಯಾಂಡರ್ ಇನ್ನೂ ಬಂದಿಲ್ಲ, ಹುಷಾರಿಲ್ವಾ?"

ಆರ್ಮೆಲಾ ಒದ್ದೆ ಕೈಯಲ್ಲೇ ಹೊರಗೆ ಓಡಿದಳು. ಮೂರು ಗಾಲಿಯ ಸೈಕಲ್ಲು ಇರಲಿಲ್ಲ. ಕಣಜದ ಹತ್ತಿರ ರಸ್ತೆಯ ಮೇಲೆ ಬಿಳಿ ಬಾಣವಿತ್ತು, ಪೂರ್ವಕ್ಕೆ. ಕೊಯ್ಲಿನ ಕಾಲ, ಗಂಡಸರೆಲ್ಲ ಹೊಲದಲ್ಲಿ. ಪಾದ್ರಿ ತನ್ನ ಕಾರಿನಲ್ಲಿ ಹೆದ್ದಾರಿ ಹುಡುಕಿದ, ಷೆರಿಫನ ಪೊಲೀಸರು ಹಳ್ಳ ಹುಡುಕಿದರು. ಮುಂದೆ ಬಾಣಗಳು ಹೆದ್ದಾರಿ ಬಿಟ್ಟು ಒಳದಾರಿ ಹಿಡಿದಿದ್ದನ್ನು ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಎರಡಕ್ಕೆ ಗೋಧಿ ಲಾರಿಯವನೊಬ್ಬನಿಗೆ ಅವನು ಸಿಕ್ಕಿದ, ಊರಿಂದ ಹದಿನೇಳು ಮೈಲಿ ಆಚೆ, ನಾಲ್ಕು ರಸ್ತೆ ಕೂಡುವಲ್ಲಿ. ಅಲ್ಲಿದ್ದ ಬಾಣವನ್ನು ಲಾರಿಗಳ ಗಾಲಿ ಉಜ್ಜಿ ಅಳಿಸಿದ್ದವು. ಬಾಣ ಇಲ್ಲ, ಹಾಗಾಗಿ ಅವನು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ರಸ್ತೆಯಾಚೆ ಒಂದು ಮರವಿತ್ತು. ಅದರ ನೆರಳಿಗೂ ಹೋಗಿರಲಿಲ್ಲ. ಜೆರ್ಸಿ ಬಿಚ್ಚದೆ ಬಿಸಿಲಲ್ಲೇ ಕೂತು ಕೂತು ಪ್ರಜ್ಞೆ ತಪ್ಪಿ ಬಿದ್ದಿದ್ದ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ. ಆದರೆ ಎಡಗೈ ನಡುಗತೊಡಗಿತು, ಹೃದಯ ಮೊದಲೇ ದುರ್ಬಲ, ಇನ್ನಷ್ಟು ಸೋತಿತು. ಇಂಥವು ನಡೆದರೆ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು. ತಿಳಿಸಿದರು. ಕಡತ ಹಿಡಿದು ಬಂದ ಅಧಿಕಾರಿಣಿ ಸಭ್ಯ ಹೆಂಗಸು. ಅಕ್ಕನ ಎದುರಿಗೇ ತಮ್ಮನನ್ನು ಕೇಳಿದಳು.

"ಕಣಜ ದಾಟಬಾರದು ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೋದ್ರಿ?"

"ಗ್ರೇಡಿ ಬಾ ಅಂದ. ಮೆಲ್ಲಾ ಅಲ್ಲೇ ನಿಂತಿದ್ಲು. ಬೇಡ ಅನ್ನಲಿಲ್ಲ."

ಅಧಿಕಾರಿಣಿ ತಲೆಯೆತ್ತಿ ನೋಡಿದಳು. "ಹೌದಾ ಮ್ಯಾಮ್? ನೀವು ಕೇಳಿಸಿಕೊಂಡಿದ್ರಾ?"

ಕೇಳಿಸಲಿಲ್ಲ ಎಂದಿದ್ದರೆ ಆಗುತ್ತಿತ್ತು. ವಯಸ್ಸು ಅರವತ್ತೊಂದು, ಯಾರೂ ಅನುಮಾನಿಸುತ್ತಿರಲಿಲ್ಲ. ಪಾದ್ರಿಯೇ ಹಿಂದಿನ ದಿನ ಮೆಲ್ಲಗೆ, "ಗದ್ದಲದಲ್ಲಿ ಎಲ್ಲ ಕೇಳಿಸುತ್ತಾ, ಆರ್ಮೆಲಾ?" ಎಂದು ದಾರಿ ತೋರಿಸಿದ್ದ. ಆದರೆ ಲಿಯಾಂಡರ್ ಅವಳನ್ನೇ ನೋಡುತ್ತಿದ್ದ. ಅವನೆದುರು ಅವಳು ಯಾವತ್ತೂ ಸುಳ್ಳು ಹೇಳಿರಲಿಲ್ಲ.

"ಕೇಳಿಸಿಕೊಂಡೆ" ಎಂದಳು.

ಆಗಸ್ಟಿನಲ್ಲಿ ನ್ಯಾಯಾಧೀಶರ ತೀರ್ಮಾನ ಬಂತು. ಹಗಲು ರಾತ್ರಿ ನೋಡಿಕೊಳ್ಳುವವರಿರುವ ಮನೆಗೆ ಅವನನ್ನು ಸೇರಿಸಬೇಕು, ತೊಂಬತ್ತು ಮೈಲಿ ದೂರದ ಊರಲ್ಲಿ. ಅಧಿಕಾರಿಣಿ, "ಇದು ಶಿಕ್ಷೆ ಅಲ್ಲ ಮ್ಯಾಮ್, ಅವರ ಒಳ್ಳೇದಕ್ಕೆ" ಎಂದಳು. ಆರ್ಮೆಲಾ ತೀರ್ಮಾನದ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡಳು. ಅದೇ ವಾರ ವಾಷಿಂಗ್ಟನ್‌ನಿಂದ ಒಂದು ಕಾರ್ಡ್ ಬಂದಿತ್ತು, ಮೂವತ್ತು ಹುಡುಗರು ಹಲ್ಲು ಕಿರಿದ ಚಿತ್ರ. 'ನಿನ್ನನ್ನ ಮಿಸ್ ಮಾಡಿಕೊಂಡೆವು, ಗುರೂ' ಎಂದು ಗ್ರೇಡಿ ಬರೆದಿದ್ದ. ನಡೆದದ್ದು ಅವನಿಗೆ ಗೊತ್ತಿರಲಿಲ್ಲ, ಯಾರೂ ತಿಳಿಸಿರಲಿಲ್ಲ. ಆರ್ಮೆಲಾಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬರಬೇಕಿತ್ತು, ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬರಲಿಲ್ಲ. ಅವನದು ಮಾತಿನ ತೂಕ ಗೊತ್ತಿಲ್ಲದೆ ಆಡಿದ ಮಾತು. ಗೊತ್ತಿದ್ದೂ ಸುಮ್ಮನಿದ್ದವಳು ಅವಳು. ತಾಯಿಗೆ ಕೊಟ್ಟ ಮಾತನ್ನು ಮೂವತ್ತೆರಡು ವರ್ಷ ಹೊತ್ತು, ತಟ್ಟೆ ತೊಳೆಯುವ ಒಂದು ಗಂಟೆಯಲ್ಲಿ ಕೈಬಿಟ್ಟಿದ್ದಳು.

ಸೆಪ್ಟೆಂಬರಿನ ಒಂದು ಸೋಮವಾರ ಅವನನ್ನು ಕರೆದೊಯ್ದಳು. ಮನೆ ಚೊಕ್ಕಟವಾಗಿತ್ತು, ಗೋಡೆಗೆ ಹಳದಿ ಬಣ್ಣ, ಅವನಿಗೆ ಕಿಟಕಿಯಿದ್ದ ಕೋಣೆ. ನೋಡಿಕೊಳ್ಳುವ ಹೆಂಗಸು, "ಮೊದಲ ಎರಡು ವಾರ ಮನೆಯವರು ಬರದೆ ಇದ್ರೆ ಬೇಗ ಹೊಂದ್ಕೋತಾರೆ, ಎಲ್ಲರಿಗೂ ಅದೇ ರೂಲು" ಎಂದಳು. ಪೆಟ್ಟಿಗೆ ಇಳಿಸಿ ಆರ್ಮೆಲಾ ಕಾರು ಹತ್ತಿದಾಗ ಲಿಯಾಂಡರ್ ಹೊರಬಂದು ಕಾರಿನ ಬಾಗಿಲು ಹಿಡಿದುಕೊಂಡ. ಬಲಗೈಯಲ್ಲಿ ಗಟ್ಟಿಯಾಗಿ, ನಡುಗುವ ಎಡಗೈಯನ್ನು ಅದರ ಮೇಲಿಟ್ಟು.

"ಮನೆಗೆ ಹೋಗೋಣ ಮೆಲ್ಲಾ. ನಾನು ಕಣಜ ದಾಟಲ್ಲ."

"ಬಿಡು ಲಿಯಾಂಡರ್. ಒಳಗೆ ಹೋಗು."

"ದಾಟಲ್ಲ ಅಂದ್ನಲ್ಲ. ದಾಟಲ್ಲ."

ಹೆಂಗಸು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಒಳಗಿಂದ ಇನ್ನೊಬ್ಬ ದಪ್ಪ ಮನುಷ್ಯ ಬರುತ್ತಿದ್ದ. ಅವನ ಕೈಗೆ ತಮ್ಮ ಸಿಗುವುದನ್ನು ಆರ್ಮೆಲಾಗೆ ನೋಡಲಾಗಲಿಲ್ಲ.

"ನಾಳೆ ಬಂದು ಕರ್ಕೊಂಡು ಹೋಗ್ತೀನಿ" ಎಂದಳು.

ಲಿಯಾಂಡರ್ ತಟ್ಟನೆ ಕೈಬಿಟ್ಟ. "ನಾಳೆ" ಎಂದ. ಮುಖದಲ್ಲಿ ಯಾವ ಕಳವಳವೂ ಉಳಿದಿರಲಿಲ್ಲ. ಅವಳಿಗೆ ಕೈಬೀಸಿ, ಹಿಂತಿರುಗಿ ನೋಡದೆ ಒಳಗೆ ಹೋದ. ತೊಂಬತ್ತು ಮೈಲಿ ಆರ್ಮೆಲಾ ಹೇಗೆ ಕಾರು ಓಡಿಸಿದಳೋ ಅವಳಿಗೇ ಗೊತ್ತಿಲ್ಲ.

ಮೂರನೆಯ ವಾರ ಹೋದಳು, ಒಂದು ಡಬ್ಬಿ ಬಿರಾಕ್ ತೆಗೆದುಕೊಂಡು. ಬೈಯಲಿ, ಅಳಲಿ, ಯಾಕೆ ಬರಲಿಲ್ಲ ಎಂದು ಕೇಳಲಿ ಎಂದು ದಾರಿಯುದ್ದಕ್ಕೂ ಸಿದ್ಧವಾಗುತ್ತಾ ಹೋಗಿದ್ದಳು. ಅವನು ಏನೂ ಕೇಳಲಿಲ್ಲ. ಟಿವಿಯ ಮುಂದೆ ಕೂತು ಎರಡು ಬಿರಾಕ್ ತಿಂದ. ತೆಳ್ಳಗಾಗಿದ್ದ. ಟೈ ಕಟ್ಟಿರಲಿಲ್ಲ. ಎಲ್ಲರ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದಾರೆ ಎಂದು ಆ ಹೆಂಗಸು ಖುಷಿಯಿಂದ ಹೇಳಿದಳು.

ಹೊರಡುವ ಹೊತ್ತಿಗೆ ಆರ್ಮೆಲಾ ಅವನೆದುರು ಮಂಡಿಯೂರಿ ಕೂತು ಎರಡೂ ಕೈ ಹಿಡಿದುಕೊಂಡಳು.

"ಭಾನುವಾರ ಬರ್ತೀನಿ, ಲಿಯಾಂಡರ್. ಖಂಡಿತ. ಹತ್ತು ಗಂಟೆಗೆ. ಕೇಳಿಸ್ತಾ? ಈ ಭಾನುವಾರ."

ಲಿಯಾಂಡರ್ ಅವಳ ಭುಜ ತಟ್ಟಿದ, ದೊಡ್ಡವರು ಮಕ್ಕಳಿಗೆ ತಟ್ಟುವ ಹಾಗೆ.

"ಆಯ್ತು ಮೆಲ್ಲಾ. ನೋಡೋಣ" ಎಂದ.