ಹೆಸರು ಹೇಳಬಾರದ ಸೊಪ್ಪು

ಹಸಿ ಸೊಪ್ಪು ಅರೆದ ವಾಸನೆ ಈಗಲೂ ನನಗೆ ಆಗುವುದಿಲ್ಲ. ಮನೆಯಲ್ಲಿ ಕೊತ್ತಂಬರಿ ಚಟ್ನಿ ರುಬ್ಬುವಾಗ ಹಿತ್ತಲಿಗೆ ಎದ್ದು ಹೋಗುತ್ತೇನೆ.

ನಮ್ಮದು ಗಂಡಸಿ ಹತ್ತಿರ ತೆಂಗಿನ ತೋಟ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಯಿತೇ ಎಂದು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಆಗಿದ್ದರೆ ಒಳಗೆ ಗಡಗಡ ಉರುಳುತ್ತದೆ. ಒಂದು ಬೇಸಿಗೆಯಲ್ಲಿ ನಾನು ಎಡಗಿವಿಗೆ ಹಿಡಿದು, ಇನ್ನೂ ಹಸಿ ಎಂದು ತಳ್ಳಿದ ಕಾಯಿಗಳನ್ನು ಹೆಂಡತಿ ಎತ್ತಿ ಅಲ್ಲಾಡಿಸಿದಳು. ಎಲ್ಲವೂ ಕೊಬ್ಬರಿಯೇ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಕೇಳುವ ನರದ ಮೇಲೆ ಚಿಕ್ಕ ಗೆಡ್ಡೆ ಬೆಳೆದಿದೆ, ಕ್ಯಾನ್ಸರ್ ಅಲ್ಲ ಎಂದರು. ಬೇಗ ಆಪರೇಷನ್ ಮಾಡಿಸಿದರೆ ಆ ಕಿವಿಯಲ್ಲಿ ಉಳಿದಿರುವಷ್ಟು ಕೇಳುವ ಶಕ್ತಿಯಾದರೂ ಉಳಿಯಬಹುದು ಎಂದರು. ಜೊತೆಗೆ ಬಂದಿದ್ದ, ಹಗರೆಗೆ ಮದುವೆ ಮಾಡಿ ಕೊಟ್ಟಿರುವ ನನ್ನ ಅಕ್ಕ ಕೇಳಿದಳು.

"ಔಸ್ದೀಲಿ ಕರಗಾಕಿಲ್ವಾ ಅಮ್ಮಾ?"

"ಅರಿಸಿನದಂಥ ಗಿಡಗಳಿಂದ ತೆಗೆದ ಅಂಶಗಳನ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡ್ತಿದ್ದಾರೆ. ಇನ್ನೂ ಔಷಧಿ ಆಗಿಲ್ಲ."

ಅಕ್ಕನ ಕಿವಿಯಲ್ಲಿ ಯಾವ ಗೆಡ್ಡೆಯೂ ಇರಲಿಲ್ಲ. ಆದರೂ ಆ ಕೊನೆಯ ಮಾತು ಅವಳಿಗೆ ಕೇಳಿಸಲೇ ಇಲ್ಲ.

ಮರುವಾರವೇ ಹಾರನಹಳ್ಳಿ ಕಡೆಯ ನಾಟಿ ವೈದ್ಯನೊಬ್ಬನಿಂದ ಜಜ್ಜಿದ ಸೊಪ್ಪಿನ ಉಂಡೆ ತಂದಳು. "ಗಿಡದಲ್ಲೇ ಐತೆ ಅಂತ ಡಾಕ್ಟ್ರೇ ಅಂದವ್ರೆ. ಮಲಗು."

"ಯಾವ ಸೊಪ್ಪೇ ಅದು?"

"ಎಸ್ರು ಹೇಳಿದ್ರೆ ಗುಣ ಹೋಯ್ತದೆ ಕಣೋ."

ನಮ್ಮ ಕಡೆ ನಾಟಿ ಔಷಧಿಗೆ ಇದೊಂದು ಕಟ್ಟುಪಾಡು. ನನ್ನನ್ನು ಎತ್ತಿ ಆಡಿಸಿದವಳು ಅವಳು. ಮಲಗು ಎಂದರೆ ಮಲಗುವುದೇ ನನಗೆ ಅಭ್ಯಾಸ. ಉಂಡೆಯನ್ನು ಬಿಸಿ ಬಟ್ಟೆಯಲ್ಲಿ ಕಟ್ಟಿ ಕಿವಿಗೆ ಹಿಂಡಿದಳು. ಹಸಿರು ರಸ ಕಿವಿ ತುಂಬಿ, ಕುತ್ತಿಗೆಗೆ ಇಳಿದು, ಬನೀನಿಗೆ ಅಂಟಿತು. ಉರಿಗೆ ನಾನು ಕೂಗಿಕೊಂಡರೆ, "ಹಿಡಿತೈತೆ, ಹಿಡಿತೈತೆ" ಎಂದು ಅವಳಿಗೆ ಸಂಭ್ರಮ.

ಹಿಡಿದದ್ದು ಕೀವು. ದಿಂಬು ನಾರಿತು, ನೊಣ ಮುತ್ತಿದವು. ಊಟಕ್ಕೆ ಕೂತರೆ ನನ್ನ ವಾಸನೆ ನನಗೇ ಬಂದು ಮುದ್ದೆ ಒಳಗಿಳಿಯುತ್ತಿರಲಿಲ್ಲ. ಥೂ, ಅದನ್ನು ಬರೆಯುವುದೂ ಹೇಸಿಗೆ.

ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಮುಖ ಸಿಂಡರಿಸಿದರು. ಕಿವಿಯ ತಮಟೆ ಸುಟ್ಟು ತೂತಾಗಿತ್ತು. "ನರ ಇರೋದು ಬುರುಡೆ ಒಳಗೆ ಕಣ್ರೀ. ಕಿವಿಗೆ ಹುಯ್ದದ್ದು ಅಲ್ಲಿಗೆ ಹೋಗತ್ತಾ? ಏನು ಹಾಕಿದ್ರಿ? ಹೇಳಿದ್ರೆ ಚಿಕಿತ್ಸೆಗೆ ಅನುಕೂಲ." ಅಕ್ಕ ಬಾಯಿ ಬಿಗಿದು ಫ್ಯಾನ್ ನೋಡುತ್ತಾ ಕೂತಳು. ತಮ್ಮನ ಕಿವಿ ಕೊಳೆತರೂ ಪರವಾಗಿಲ್ಲ, ಸೊಪ್ಪಿನ ಗುಣ ಕೆಡಬಾರದು.

ಕೀವು ಆರುವವರೆಗೂ ಆಪರೇಷನ್ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಗೆಡ್ಡೆ ದೊಡ್ಡದಾಗಿತ್ತು. ಅದನ್ನೇನೋ ತೆಗೆದರು, ಎಡಗಿವಿ ಮಾತ್ರ ಪೂರ್ತಿ ಸತ್ತಿತು. ಈಗ ಕಾಯಿಗಳನ್ನು ಹೆಂಡತಿಯೇ ಅಲ್ಲಾಡಿಸುತ್ತಾಳೆ.

ಮೊನ್ನೆ ಅಕ್ಕ ಬಂದಿದ್ದಳು. ಆ ವೈದ್ಯ ತೀರಿಕೊಂಡನಂತೆ. "ಇನ್ನು ದೋಸ ಇಲ್ಲ, ನಿಂಗೊಬ್ನಿಗೆ ಹೇಳ್ತೀನಿ" ಎಂದಳು. ನನ್ನ ಬಲಕ್ಕೆ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಕೇಳಿಸಬಾರದೆಂದು ಅಕ್ಕ ಎದ್ದು ನನ್ನ ಎಡಕ್ಕೆ ಬಂದಳು, ಕೈ ಅಡ್ಡ ಹಿಡಿದು ಕಿವಿಗೆ ಬಾಯಿಟ್ಟಳು. ಎಲೆಅಡಿಕೆಯ ಬಿಸಿ ಉಸಿರು ತಾಗಿತು, ಅಷ್ಟೇ. ಇನ್ನೊಮ್ಮೆ ಹೇಳು ಎನ್ನಲೂ ನನಗೆ ಹೇಸಿಗೆಯಾಯಿತು.

ಅವಳು ನೆಮ್ಮದಿಯಿಂದ ಮುಂದೆ ಬಂದು ಕೂತಳು. "ಯಾರ್ಗೂ ಹೇಳ್ಬ್ಯಾಡ ಕಣೋ."