ಬರೆಯದೆ ಬಿಟ್ಟ ಅರ್ಧ ಪುಟ

ಪಾದ್ರಿ ಆಡಿದ ಮಾತನ್ನು ದೇವರು ಮರೆತರೂ ಥಾಮಸಿನ್ ಪಾರ್ಜಿಟರ್ ಮರೆಯಳು ಎಂದು ವೆಲ್ಡನ್‌ಫೋರ್ಡಿನಲ್ಲಿ ಒಂದು ಮಾತಿತ್ತು. ಅದನ್ನು ಹುಟ್ಟಿಸಿದವಳು ಪಕ್ಕದ ಮನೆಯ ರೊಟ್ಟಿ ಸುಡುವ ಗ್ರಿಸೆಲ್; ಊರೆಲ್ಲ ಹಬ್ಬಿಸಿದವಳು ಸ್ವತಃ ಥಾಮಸಿನ್. ವಿನಯ ಅನ್ನುವುದು ಅವಳ ಹೊಸ್ತಿಲು ತುಳಿದದ್ದಿಲ್ಲ. ತುಳಿಯಬೇಕಾದ ಕಾರಣವೂ ಇರಲಿಲ್ಲ ಅನ್ನಿ.

ಅವಳದು ಕೈಗವಸು ಹೊಲಿಯುವ ಕಸುಬು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಪ್ಪ ವಕೀಲರೊಬ್ಬರ ಗುಮಾಸ್ತನಾಗಿದ್ದವನು, ಮಗಳಿಗೆ ಆಸ್ತಿ ಎಂದು ಬಿಟ್ಟುಹೋದದ್ದು ಶೀಘ್ರಲಿಪಿ ಒಂದನ್ನೇ. ಬರೀ ಗೀಟು, ಕೊಂಡಿ, ಚುಕ್ಕೆ. ಭಾನುವಾರ ಚರ್ಚಿನ ಮೂರನೆಯ ಸಾಲಿನಲ್ಲಿ ಕೂತು, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು, ಪಾದ್ರಿ ಆಂಬ್ರೋಸ್ ಟಿಲ್ನಿಯ ಪ್ರಸಂಗವನ್ನು ಮೊದಲ ಮಾತಿನಿಂದ ಆಮೆನ್‌ವರೆಗೆ ಇಳಿಸಿಕೊಳ್ಳುವಳು. ಮಧ್ಯಾಹ್ನದ ಮೇಲೆ ಹತ್ತು ಹನ್ನೆರಡು ಜನ ಅವಳ ಅಡುಗೆಮನೆಯಲ್ಲಿ ಸೇರುವರು. ಅವಳು ಅಷ್ಟನ್ನೂ ಮತ್ತೆ ಓದಿ ಹೇಳುವಳು. ಬೆಳಿಗ್ಗೆ ತೂಕಡಿಸಿದವರಿಗೆ ಪುಣ್ಯ ಗಿಟ್ಟುತ್ತಿದ್ದದ್ದು ಅಲ್ಲೇ.

"ಏನೇ, ಪಾದ್ರಿಗಳು ಕೆಮ್ಮಿದ್ದನ್ನೂ ಬರ್ಕೊಂಡಿದೀಯಾ?" ಎಂದು ಗ್ರಿಸೆಲ್ ಕಾಲೆಳೆದರೆ, "ಎರಡು ಸಲ ಕೆಮ್ಮಿದ್ರು. ಎಲ್ಲೆಲ್ಲಿ ಅಂತ ಹೇಳ್ಲಾ?" ಎನ್ನುವಳು. ಹೀಗೆ ಇಪ್ಪತ್ತೆರಡು ವರ್ಷ ನಡೆದಿತ್ತು.

ಅಷ್ಟರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಕಾಳಗ ಹತ್ತಿಕೊಂಡಿತು. ವೆಲ್ಡನ್‌ಫೋರ್ಡ್ ಪಾರ್ಲಿಮೆಂಟಿನ ಕಡೆಯ ಊರು. ಅಲ್ಲಿಂದ ನಾಲ್ವರು ಹುಡುಗರು ಪಡೆ ಸೇರಿದರು. ಅವರಲ್ಲೊಬ್ಬ ಥಾಮಸಿನ್ನಳ ಒಬ್ಬನೇ ಮಗ ಗೈಲ್ಸ್. ಎಲ್ಲ ಚರ್ಚಿನಲ್ಲೂ ದೇವರು ನಮ್ಮ ಕಡೆ ಎಂಬುದೇ ಪ್ರಸಂಗ. ಶಾಂತಿ ಬೇಕು ಎನ್ನುವ ಪುಸ್ತಿಕೆಗಳೂ ಲಂಡನ್ನಿನಿಂದ ಬರುತ್ತಿದ್ದವು, ಇಲ್ಲವೆಂದಲ್ಲ. ಹೆಚ್ಚಿನವು ಎದುರಾಳಿ ಮಣ್ಣು ಮುಕ್ಕಿದ ಮೇಲೆ ಶಾಂತಿಯಷ್ಟು ಒಳ್ಳೆಯದು ಬೇರೆ ಇಲ್ಲ ಎನ್ನುವ ಜಾತಿಯವು.

ಕಾಳಗದ ಎರಡನೆಯ ವರ್ಷ, ಪಾರ್ಲಿಮೆಂಟು ಸಾರಿದ್ದ ಉಪವಾಸ ಪ್ರಾರ್ಥನೆಯ ದಿನ, ಟಿಲ್ನಿ ಪಾದ್ರಿ ಶಾಂತಿಯ ಮೇಲೆ ಪ್ರಸಂಗ ಮಾಡಿದರು. ಮೆತ್ತಗಿನ ಮನುಷ್ಯ, ಅಂದು ಮಾತ್ರ ದನಿ ಏರಿತ್ತು. "ಟೋಪಿಗೆ ಯಾವ ಬಣ್ಣದ ಪಟ್ಟಿ ಕಟ್ಟಿದ್ದರೂ ಕೊಂದವನು ಕೊಲೆಗಾರನೇ. ಅರಸನ ಆಳಾಗಲಿ, ಪಾರ್ಲಿಮೆಂಟಿನ ಆಳಾಗಲಿ, ಈ ಊರಿನಿಂದ ಹೋದವನೇ ಆಗಲಿ," ಎಂದುಬಿಟ್ಟರು.

ಥಾಮಸಿನ್ನಳ ಕೈ ನಿಂತಿತು. ನನ್ನ ಮಗನನ್ನೇ ಅಂದರು ಎಂದು ಅವಳ ಮೈ ಉರಿಯಿತು. ಮುಂದಿನದನ್ನೆಲ್ಲ ಕೇಳಿಸಿಕೊಂಡಳು, ಒಂದು ಗೀಟೂ ಎಳೆಯಲಿಲ್ಲ. ಅಂದು ತಲೆನೋವೆಂದು ಅಡುಗೆಮನೆಗೆ ಯಾರನ್ನೂ ಸೇರಿಸಲಿಲ್ಲ.

ಎರಡು ವಾರಕ್ಕೆ ಕಟುಕ ಹಂಫ್ರಿ ಕಾಲ್‌ವುಡ್ ಪಾರ್ಲಿಮೆಂಟಿನವರ ಜಿಲ್ಲೆಯ ಸಮಿತಿಗೆ ದೂರು ಕೊಟ್ಟ: ಪಾರ್ಲಿಮೆಂಟಿನ ಸಿಪಾಯಿಗಳೆಲ್ಲ ಕೊಲೆಗಾರರು ಎಂದು ಪಾದ್ರಿ ಚರ್ಚಿನಲ್ಲೇ ಸಾರಿದ್ದಾನೆ. ದೂರು ನಿಂತರೆ ಟಿಲ್ನಿಗೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಹೆಂಡತಿ, ನಾಲ್ಕು ಮಕ್ಕಳೊಂದಿಗೆ ಬೀದಿಯೇ ಗತಿ. ಪಾದ್ರಿ ಪ್ರಸಂಗವನ್ನು ಬರೆದಿಟ್ಟುಕೊಳ್ಳುವವರಲ್ಲ. ಸಮಿತಿಯವರು ಥಾಮಸಿನ್ನಳ ಪುಸ್ತಕ ತರಿಸಿ ಎಂದರು.

"ಅಲ್ಲಿ ಅರ್ಧ ಪುಟ ಖಾಲಿ ಇದೆ," ಎಂದು ಥಾಮಸಿನ್ ಗ್ರಿಸೆಲ್‌ಗೆ ಒಬ್ಬಳಿಗೇ ಹೇಳಿದಳು.

"ಇದ್ರೇನೀಗ? ನಿನ್ನ ಗೀಟು ಓದೋಕೆ ನಿನ್ನ ಬಿಟ್ರೆ ಯಾವನಿಗೆ ಬರುತ್ತೆ? ಒಳ್ಳೇದೇನಾದ್ರೂ ನಾಲ್ಕು ಮಾತು ಓದ್ಬಿಡು, ಮಾರಾಯ್ತಿ."

ಓದಬಹುದಿತ್ತು. ಓದದೆ ಸುಮ್ಮನಿದ್ದು, ನನ್ನ ಮಗನನ್ನು ಅಂದವನು ಬೀದಿಗೆ ಬೀಳಲಿ ಎನ್ನಲೂಬಹುದಿತ್ತು. ನಿಜ ಹೇಳಬೇಕೆಂದರೆ ಎರಡೂ ಆಸೆ ಅವಳಿಗಿದ್ದವು. ವಿಚಾರಣೆಗೆ ಮುಂಚಿನ ಎರಡು ದಿನ ಹೊಲಿದ ಕೈಗವಸುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ವಿಚಾರಣೆ ಸಂತೆಬೀದಿಯ ಛತ್ರದಲ್ಲಿ. ಸಮಿತಿಯ ಯಜಮಾನ ಒಬ್ಬ ಕರ್ನಲ್, ಬಿಗಿ ಮುಖದವನು. ಟಿಲ್ನಿ ಗೋಡೆಗೆ ಒರಗಿ ನಿಂತಿದ್ದರು. ಥಾಮಸಿನ್ ಪುಸ್ತಕ ಬಿಚ್ಚಿ ಓದತೊಡಗಿದಳು.

"ಅವಳು ಓದೋದೆಲ್ಲ ನಿಜ ಅಂತ ಹೆಂಗೆ ನಂಬೋದು ಸ್ವಾಮಿ?" ಎಂದು ಹಂಫ್ರಿ ನಡುವೆ ಬಾಯಿ ಹಾಕಿದ. "ಕೋಳಿ ಕೆದರಿದಂಗಿದೆ!"

"ನೀನೆಲ್ಲಿ ಗೊರಕೆ ಹೊಡೆದೆ ಅನ್ನೋದನ್ನೂ ಕೋಳಿ ಕೆದರಿದೆ ಹಂಫ್ರಿ. ಓದ್ಲಾ?"

ನೆರೆದವರು ಗೊಳ್ಳೆಂದರು. ಅವಳು ಓದುತ್ತ ಓದುತ್ತ ಪುಟ ತಿರುವಿದಳು. ಮುಂದೆ ಬಿಳಿ ಕಾಗದ. ಕಣ್ಣನ್ನು ಅದರ ಮೇಲೆ ಆಡಿಸುತ್ತ ಹಾಗೆಯೇ ಮುಂದುವರಿದಿದ್ದರೆ ಆ ಕೋಣೆಯಲ್ಲಿ ಕೇಳುವವರಿರಲಿಲ್ಲ. ಅವಳು ಪುಸ್ತಕ ಎತ್ತಿ ಎಲ್ಲರಿಗೂ ತೋರಿಸಿದಳು.

"ಇಲ್ಲಿಂದ ಮುಂದೆ ಖಾಲಿ. ನಾನು ಬರೀಲಿಲ್ಲ."

"ಒಂದು ಮಾತೂ ಬಿಡೋಳಲ್ಲ ಅಂತ ಕೇಳಿದ್ವಲ್ಲಮ್ಮ?" ಎಂದ ಕರ್ನಲ್.

"ನಾನೇ ಹೇಳ್ಕೊಂಡು ತಿರುಗ್ತಿದ್ದೆ ಸ್ವಾಮಿ. ಇನ್ಮೇಲೆ ಆಗಲ್ಲ." ಅವಳ ಮುಖ ಕಿವಿಯವರೆಗೂ ಕೆಂಪೇರಿತು, ಅಷ್ಟು ಜನರೆದುರು ಇಪ್ಪತ್ತೆರಡು ವರ್ಷದ ಹೆಸರು ಹೋಗುವುದೆಂದರೆ ಹುಡುಗಾಟವಲ್ಲ. ಆದರೆ ದನಿ ಇಳಿಯಲಿಲ್ಲ. "ಸಿಟ್ಟಿಗೆ ಕೈ ನಿಂತೋಯ್ತು. ಕಿವಿ ನಿಂತಿರ್ಲಿಲ್ಲ." ಎಂದವಳೇ ಪಾದ್ರಿಯ ಮಾತನ್ನು ಅರಸನ ಆಳಿನಿಂದ ಹಿಡಿದು ಈ ಊರಿನ ಆಳಿನವರೆಗೆ ಬಿಡಿಸಿ ಹೇಳಿದಳು. "ಪೂರ್ತಿ ಮಾತು ಇದು. ಹಂಫ್ರಿ ಕಟುಕ ಅಲ್ವಾ, ತನಗೆ ಬೇಕಾದ ತುಂಡು ಮಾತ್ರ ಕಡ್ಕೊಂಡು ತಂದಿದ್ದಾನೆ."

ಕರ್ನಲ್ ಮುಂದಕ್ಕೆ ಬಾಗಿದ. "ನಿನ್ನ ಮಗ ನಮ್ಮ ಪಡೇಲೇ ಇದ್ದಾನಲ್ಲ. ಹಂಗಾದ್ರೆ ಅವನೂ ಕೊಲೆಗಾರನಾ?"

"ಅವನು ಯಾರನ್ನಾದ್ರೂ ಕೊಂದಿದ್ದಾನೋ ಇಲ್ವೋ ನಂಗೊತ್ತಿಲ್ಲ. ಮನೆಗೆ ಬರ್ಲಿ. ಮೊದ್ಲು ಊಟಕ್ಕೆ ಹಾಕ್ತೀನಿ. ಆಮೇಲೆ ಕೇಳ್ತೀನಿ."

"ಕೊಂದಿದ್ದೀನಿ ಅಂದ್ರೆ?"

"ಪಾದ್ರಿಗಳು ಸುಳ್ಳು ಹೇಳ್ಲಿಲ್ಲ ಅಂತಾಯ್ತು."

ಕರ್ನಲ್ ಗಡ್ಡ ಕೆರೆದುಕೊಂಡ. ಈ ಪಾದ್ರಿ ಅರಸನ ಕಡೆಯವನಲ್ಲ, ಎರಡು ಕಡೆಯವರಿಗೂ ತಲೆನೋವು, ಅಷ್ಟೇ ಎಂದ. "ಹೋಗಿ ಪಾದ್ರಿಗಳೇ. ಇನ್ಮೇಲೆ ರಾಜಕೀಯ ಬೇಡ, ದೇವರ ಹತ್ತು ಕಟ್ಟಳೆ ಬಿಟ್ಟು ಆಚೀಚೆ ಹೋಗ್ಬೇಡಿ."

"ಕೊಲ್ಲಬೇಡ ಅನ್ನೋದು ಆರನೇದು ಸ್ವಾಮಿ," ಎಂದರು ಟಿಲ್ನಿ. "ನಾನು ಹೇಳಿದ್ದು ಅದನ್ನೇ."

"ಈ ಮನುಷ್ಯನ್ನ ಮೊದ್ಲು ಹೊರಗೆ ಕರ್ಕೊಂಡು ಹೋಗ್ರಪ್ಪ!" ಎಂದು ಕರ್ನಲ್ ಕೂಗಿದ.

ಥಾಮಸಿನ್ ಸಮಿತಿಯ ಗುಮಾಸ್ತನ ಲೇಖನಿ ಕೇಳಿ ಇಸಿದುಕೊಂಡು, ಖಾಲಿ ಅರ್ಧ ಪುಟದಲ್ಲಿ ಪ್ರಸಂಗದ ಆ ಮಾತನ್ನು ಅಲ್ಲೇ ನಿಂತು ಬರೆದಳು. ಗೀಟಿನಲ್ಲಲ್ಲ, ಓದು ಬಂದ ಯಾರಿಗಾದರೂ ತಿಳಿಯುವ ದಪ್ಪ ಅಕ್ಷರದಲ್ಲಿ.

ಮುಂದಿನ ವಸಂತದಲ್ಲಿ ಗೈಲ್ಸ್ ಮನೆಗೆ ಬಂದ. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಅವಳು ಬಟಾಣಿ ಗಂಜಿಯನ್ನು ಹಂದಿಮಾಂಸ ಹಾಕಿ ಮೂರು ಬಟ್ಟಲು ಬಡಿಸಿದಳು, ಎದುರಿಗೆ ಕೂತಳು. ಅವನು ಚಮಚ ಕೆಳಗಿಟ್ಟ ಮೇಲೆ ಕೇಳಿದಳು.

"ಒಬ್ಬ," ಎಂದ ಗೈಲ್ಸ್. "ಬೇಲಿ ಸಂದೀಲಿ. ನನ್ನಷ್ಟೇ ವಯಸ್ಸು. ಬಿದ್ದ ಮೇಲೆ ನೀರು ಕೇಳ್ದ. ಕೊಟ್ಟೆ. ಜೋಸಿಯಾಸ್ ಗಿಬ್ಬಿನ್ಸ್ ಅಂತ ಹೆಸರು, ಸೋಲ್ಕೋಟಿನೋನು. ಅಮ್ಮ ಜೇನು ಸಾಕ್ತಾಳೆ ಅಂದ."

ಥಾಮಸಿನ್ ಅತ್ತಳು. ಮಗನಿಗಾಗಿಯೋ ಜೇನು ಸಾಕುವ ಆ ಹೆಂಗಸಿಗಾಗಿಯೋ ಅವಳಿಗೇ ಗೊತ್ತಾಗಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, "ಸೋಲ್ಕೋಟ್ ಎಷ್ಟು ದೂರ?" ಎಂದಳು.

"ಹದಿನೈದು ಮೈಲಿ."

"ನಾಳೆ ಬೆಳಿಗ್ಗೆ ಹೊರಡೋಣ."

"ಬೇಡಮ್ಮ. ಅವಳ ಎದುರಿಗೆ ಏನಂತ ನಿಲ್ಲಲಿ? ಕಲ್ಲು ಎತ್ಕೊಂಡು ಹೊಡೀತಾಳೆ."

"ಹೊಡೀಲಿ. ನಾನೂ ಪಕ್ಕದಲ್ಲಿ ನಿಂತಿರ್ತೀನಿ. ಅವಳ ಮಗ ಕೊನೇಗೆ ನೀರು ಕೇಳ್ದ, ಕುಡಿದ, ಅಮ್ಮನ ಸುದ್ದಿ ಮಾತಾಡ್ದ. ಅದನ್ನ ಅವಳಿಗೆ ಹೇಳೋಕೆ ಈ ಭೂಮಿ ಮೇಲೆ ನೀನೊಬ್ಬನೇ ಇರೋದು ಕಣೋ."

ಗೈಲ್ಸ್ ಬಟ್ಟಲು ಪಕ್ಕಕ್ಕೆ ಸರಿಸಿ, ನಾಳೆಯ ನಡಿಗೆಗೆಂದು ಬೂಟಿನ ಮಣ್ಣು ಕೆರೆಯಲು ಎದ್ದ.