ಅಸಹ್ಯಕ್ಕೂ ಒಂದು ಜಾಗ

ಹೊಸ ಕಪಾಟಿನ ಬಾಗಿಲು ತೆರೆದಾಗ ಪ್ಲೈವುಡ್ಡಿನ ಅಂಟಿನ ಘಾಟು ಮೂಗಿಗೆ ಬಡಿಯಿತು. ಥೇಟ್ ಶವ ಕೆಡದಂತೆ ಇಡುವ ಫಾರ್ಮಲಿನ್ ವಾಸನೆ. ನೆನಪಾದದ್ದು ಮಾತ್ರ ಕಾಲೇಜಿನ ಶವಗಳಲ್ಲ, ದೆಹಲಿಯ ಪೀತಮ್‌ಪುರದ ನಮ್ಮ ಕೆಳಗಿನ ಮನೆಯ ಆಂಟಿ...

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಡಾಕ್ಟರಿಕೆ ಓದಲು ಆಗಷ್ಟೇ ಸೇರಿದ್ದೆ. ಆಂಟಿಯ ಗಂಡ ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ಹಾಲು ತರಲು ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿ. ಮೆಟ್ಟಿಲಲ್ಲಿ ಹೆಂಗಸರು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುವ ಮನುಷ್ಯ. ಒಂದು ದಿನ ರಿಂಗ್ ರೋಡಿನಲ್ಲಿ ಬಸ್ಸೊಂದು ಅವರ ಸ್ಕೂಟರಿಗೆ ತಾಗಿ, ಹಣೆ ಡಿವೈಡರಿಗೆ ಅಪ್ಪಳಿಸಿತು. ಗಾಯವೇನೋ ಮಾಗಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವರು ಬೇರೆ ಯಾರೋ ಆಗಿದ್ದರು.

ಎಲ್ಲೆಂದರಲ್ಲಿ ಉಗುಳುತ್ತಿದ್ದರು. ಹಣ್ಣಿನ ಗಾಡಿಯ ಸೀಬೆಹಣ್ಣುಗಳನ್ನು ಒಂದೊಂದಾಗಿ ನೆಕ್ಕಿ ಅಲ್ಲೇ ಇಟ್ಟರು. "ಅರೇ ಸಾಬ್, ಯೆ ಕ್ಯಾ ಕರ್ ರಹೇ ಹೋ!" ಎಂದು ಗಾಡಿಯ ಭಯ್ಯಾ ಕೂಗಿದಾಗ, ಆಂಟಿ ಓಡಿ ಬಂದು ಎಂಜಲಾದ ಹಣ್ಣುಗಳನ್ನೆಲ್ಲ ಕೊಂಡರು. ನಮ್ಮ ಮನೆಗೆ ಊಟಕ್ಕೆ ಬಂದಾಗ ಅಂಕಲ್ ಸಾಂಬಾರಿನ ಪಾತ್ರೆಗೇ ಕೈ ಹಾಕಿ, ನುಗ್ಗೆಕಾಯಿ ತೆಗೆದು ಜಗಿದು, ನಾರನ್ನು ಅದೇ ಪಾತ್ರೆಗೆ ಉಗುಳಿ ನಕ್ಕರು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಅವರು ಹೋದ ಮೇಲೆ ಅಪ್ಪ ಅಮ್ಮನಿಗೆ ಹೇಳಿದರು: "ಪಾಪ, ನಿಜ. ಆದ್ರೆ ಇನ್ಮೇಲೆ ಕರೀಬೇಡ."

ಅದೇ ಚಳಿಗಾಲದಲ್ಲಿ ಕಾಲೇಜಿನಲ್ಲಿ ಮೆದುಳನ್ನು ಕೈಗೆ ಕೊಟ್ಟರು. ತಣ್ಣಗೆ, ಹಳಸಿದ ಪನೀರಿನ ಬಣ್ಣ. ನಡುವಿನ ಆಳವಾದ ಸೀಳಿನ ಆಚೀಚೆ ಎರಡು ಅರ್ಧಗೋಳಗಳು. ಮಡಿಕೆಗಳ ಸಂದಿನಿಂದ ಜಿನುಗಿದ ಫಾರ್ಮಲಿನ್ ನೀರು ನನ್ನ ಗ್ಲೌಸಿನೊಳಗೆ ಇಳಿಯಿತು. ಮೇಡಂ ಹಣೆಯ ಹಿಂದೆ ಕೂರುವ ಭಾಗವನ್ನು ಮುಟ್ಟಿ, ಇಲ್ಲಿ ಪೆಟ್ಟಾದರೆ ನಡೆನುಡಿಯ ಹಿಡಿತವೇ ತಪ್ಪಬಹುದು ಎಂದರು.

ಅಂದು ಸಂಜೆಯೇ ಆಂಟಿಗೆ ಇದನ್ನು ಹೇಳಿದೆ. ಅಡುಗೆಮನೆಯಲ್ಲಿ, ಗಂಡ ಕಣ್ಣಿಗೆ ಬೀಳದಂತೆ ಗೋಡೆಗೆ ಮುಖ ಮಾಡಿ, ನಿಂತೇ ಊಟ ಮಾಡುತ್ತಿದ್ದರು.

"ಹಾಗಾದ್ರೆ ಬೇಕಂತ ಮಾಡ್ತಿಲ್ಲ?"

"ಇಲ್ಲ ಆಂಟಿ."

"ನಂಗೂ ಹಾಗೇ ಅನ್ಸಿತ್ತು ಮರಿ. ಆದ್ರೂ ಅಸಹ್ಯ ಆಗುತ್ತೆ. ಅವರ ಬಾಯಿ ಒರೆಸಿ ಬಂದು ಮೊಣಕೈವರೆಗೂ ಸೋಪು ಹಚ್ಚಿ ತೊಳ್ಕೋತೀನಿ. ಈ ಅಸಹ್ಯಕ್ಕೂ ಮೆದುಳಲ್ಲಿ ಜಾಗ ಇದ್ಯಾ?"

ಗೊತ್ತಿಲ್ಲ ಎಂದೆ. ಮೆದುಳಿನ ಪಕ್ಕದ ಮಡಿಕೆಯನ್ನು ಬಿಡಿಸಿದರೆ ಒಳಗೆ ದ್ವೀಪದಂತೆ ಅಡಗಿರುವ ಭಾಗವೊಂದಕ್ಕೂ ಅಸಹ್ಯಕ್ಕೂ ನಂಟಿದೆ ಎಂದು ಓದಿದ್ದು ಎಷ್ಟೋ ವರ್ಷಗಳ ಮೇಲೆ...

ಅಕ್ಕಪಕ್ಕದವರು ಒಟ್ಟಾಗಿ ಬಂದು, ಅಂಕಲ್‌ರನ್ನು ಎಲ್ಲಾದರೂ ಸೇರಿಸಿಬಿಡಿ ಎಂದರು. ಆಂಟಿ ಬಾಗಿಲಲ್ಲೇ ನಿಂತು ಹಿಂದಿಯಲ್ಲಿ ಹೇಳಿದರು: "ನಿಮಗಿಂತ ಜಾಸ್ತಿ ಅಸಹ್ಯ ನನಗಿದೆ. ನಾನೇ ಸೇರಿಸಿಲ್ಲ." ಆಮೇಲೆ ಘಾಜಿಯಾಬಾದಿನಲ್ಲಿ ನೆಲಮಹಡಿಯ ಮನೆಯೊಂದನ್ನು ಹಿಡಿದು ಹೊರಟುಹೋದರು.

ಅಂಕಲ್ ಅಲ್ಲೇ ತೀರಿಕೊಂಡರು. ಮಾತಾಡಿಸಲು ಹೋದ ನನಗೂ ಅಮ್ಮನಿಗೂ ಆಂಟಿ ಬಿಸಿ ಬಿಸಿ ಅಡುಗೆ ಮಾಡಿ ಬಡಿಸಿದರು. ನಮ್ಮ ಜೊತೆಗೇ ಕೂತು ಉಂಡರು.

"ಈಗ ಹೊಟ್ಟೆ ತುಂಬ ಊಟ ಸೇರುತ್ತೆ," ಎಂದು ತಟ್ಟೆಯನ್ನೇ ನೋಡುತ್ತಾ ಹೇಳಿದರು. "ಅದನ್ನ ನೋಡಿ ನನ್ನ ಮೇಲೆ ನಂಗೇ ಹೇಸಿಗೆ ಅನ್ಸುತ್ತೆ."

ಅಮ್ಮ ಅವರ ಭುಜದ ಮೇಲೆ ಕೈ ಇಟ್ಟರು.

ಆಂಟಿಯೂ ಈಗಿಲ್ಲ. ನನ್ನ ಕ್ಲಿನಿಕ್ಕಿಗೆ ಅಂಕಲ್‌ನಂಥ ಗಂಡಂದಿರನ್ನು ಕರೆತರುವ ಹೆಂಗಸರು, ಎಲ್ಲ ಹೇಳಿ ಮುಗಿಸಿ, ತಲೆ ತಗ್ಗಿಸಿ ಕೂರುತ್ತಾರೆ. ಕಾಯಿಲೆ ಏನೆಂದು ನಾನು ವಿವರಿಸಬಲ್ಲೆ. "ನಂಗೂ ಹೀಗೇ ಅಸಹ್ಯ ಆಗ್ತಿತ್ತು" ಎಂದು ಅವರ ಪಕ್ಕ ಕೂತು ಹೇಳಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ.